ಕೆಳಗಿನದೂ ಕಾಣಲಿ

ಹೈದರಾಬಾದಿನ ನಮ್ಮ ನಕಾಶೆ ಕಚೇರಿಯ ಹಿರಿಯ ಮೇಡಂ ಕಲಬುರಗಿಯವರು. ಐಟಿಯ ಭರಾಟೆಯ ದಿನಗಳು. ಕಡಲಿಲ್ಲದ ಊರಲ್ಲಿ ಕೂತು ದೂರದ ಕಡಲತೀರದ ನಿಯಮಗಳ ನಕಾಶೆಗೆ ಕಂಪ್ಯೂಟರಿನಲ್ಲಿ ಬಣ್ಣ ತುಂಬುತ್ತಿದ್ದೆವು. ಬಂದರಿಗೆ ಕೆಂಪು, ಕಟ್ಟಡ ನಿಷೇಧಕ್ಕೆ ನೀಲಿ, ಮೀನುಗಾರರ ಕೇರಿಗೆ ಹಳದಿ; ಎಷ್ಟೋ ಕಡೆ ಅವು ಒಂದರ ಮೇಲೊಂದು ಬೀಳುತ್ತಿದ್ದವು. ಯಾವ ಬಣ್ಣವನ್ನೂ ಗಾಢವಾಗಿಸಲು ಅವರು ಬಿಡುತ್ತಿರಲಿಲ್ಲ. ಸೆರಗಿನ ಚುಂಗಿನಿಂದ ಪರದೆ ಒರೆಸುತ್ತ, "ಕೆಳಗಿಂದೂ ಕಾಣ್ಲಿ ಬಿಡ್ರಿ" ಎನ್ನುತ್ತಿದ್ದರು. ನನಗದು ಬರೀ ಹಟವೆನಿಸುತ್ತಿತ್ತು.

ಒಮ್ಮೆ ಬಂದರು ಕಂಪನಿಯ ಅಧಿಕಾರಿ ಬಂದು ನಕಾಶೆ ನೋಡಿ ಸಿಡುಕಿದ. ಮೂರೂ ಬಣ್ಣ ಕಲೆತು ರಾಡಿಯಾಗಿದೆ, ಕೆಂಪೊಂದೇ ಕಾಣಲಿ ಎಂದ.

"ಅಲ್ಲಿ ಮೂರೂ ಅದಾವಲ್ರಿ" ಎನ್ನುತ್ತ ಮೇಡಂ ಎದ್ದು ಕುರ್ಚಿ ಬಿಟ್ಟುಕೊಟ್ಟರು. "ಮಂದಿ ಮನಿ ಮುಚ್ಚೋದಿದ್ರ ನೀವ ಮುಚ್ರಿ."

ಆತ ಮೌಸ್ ಹಿಡಿದು ಕೂತ. ಬಾಣದ ಗುರುತು ಹಳದಿಯ ಮೇಲೆ ಬಹಳ ಹೊತ್ತು ನಿಂತಿತ್ತು.

ಮೇಡಂ ಬಗ್ಗಿ, ಅವನಿಗಾಗಿ ಪರದೆಯನ್ನು ಇನ್ನೊಮ್ಮೆ ಒರೆಸಿದರು.