ಒಣಗಿಸಿಟ್ಟ ದೋಣಿ

ಮೊನ್ನೆ ದೇವರಮನೆಯ ಬಾಗಿಲಿಗೆ ವಾರ್ನಿಶ್ ಹೊಡೆಸಿದೆವು. ಊದಿನಕಡ್ಡಿ ಹಚ್ಚಿದರೂ ಆ ವಾಸನೆ ಅಡಗಲಿಲ್ಲ. ಪೂಜೆಗೆ ಕೂತವಳಿಗೆ ಪಕ್ಕದ ಮನೆಯ ಚಾಚಾ ನೆನಪಾದರು...

ಹಡಗಲಿಯಲ್ಲಿ ಲಾರಿ ರಿಪೇರಿಗೆ ಅವರದೇ ಹೆಸರು. ತೊಂಬತ್ತರ ದಶಕದ ಕೊನೆಗೆ ಕೈನಡುಕ ಶುರುವಾಯಿತು. ಪಾನಾ ಹಿಡಿದರೆ ಬೋಲ್ಟಿನ ಮೇಲೆ ನಿಲ್ಲುತ್ತಿರಲಿಲ್ಲ. ಗಿರಾಕಿಗಳು ಬರುವುದು ನಿಂತಿತು. ಮಕ್ಕಳಿಲ್ಲದ ಮನೆ, ಬೇರೆ ಆಸರೆಯಿಲ್ಲ. ಗೋವಾದಲ್ಲಿ ಫಾರಿನ್ನಿನವರು ತಮ್ಮ ಮೋಜಿನ ದೋಣಿಗಳನ್ನು ಅಗ್ಗಕ್ಕೆ ಮಾರಿ ಹೋಗುತ್ತಾರೆಂದು ಒಬ್ಬ ಡ್ರೈವರ್ ಹೇಳಿದ. ಡ್ಯಾಮಿನ ಹಿನ್ನೀರಿನ ದಂಡೆಗೆ ಹೋಟೆಲು ಕಟ್ಟುತ್ತಿದ್ದ ಸಾಹುಕಾರರೊಬ್ಬರು ಅಂಥದ್ದೊಂದು ಬೇಕೆಂದರು. ಚಾಚಾ ಗ್ಯಾರೇಜಿನ ಸಾಮಾನನ್ನೆಲ್ಲ ಮಾರಿ, ಮರದ ದೋಣಿಯೊಂದನ್ನು ಕೊಂಡು ಲಾರಿಯ ಮೇಲೆ ತಂದರು. ಇದನ್ನು ಮಾರಿ ಇನ್ನೊಂದು ತರುವುದು. ನಡುಗುವ ಕೈಯಿಂದಲೂ ವ್ಯಾಪಾರ ಆಗುತ್ತದಲ್ಲ ಎಂದುಕೊಂಡಿದ್ದರು.

ಓಣಿಯವರು ಬಿಡುತ್ತಾರೆಯೇ? "ಚಾಚಾ, ಹಡಗಲಿಗೆ ಹಡಗ ತಂದ್ರಿ, ಸಮುದ್ರ ಯಾವಾಗ ತರ್ತೀರಿ?" ಎಂದು ಎದುರುಮನೆಯವನು ಕೇಳಿದ.

"ನೀ ಮೊದ್ಲ ನಿನ್ನ ಸೈಕಲ್ಲಿಗೆ ಗಾಳಿ ಹಾಕಿಸ್ಕ್ಯಾ ಲೇ" ಅಂದರು ಚಾಚಾ.

ಹೊಳೆ ತುಂಬಿದ ಮೇಲೆ ತೇಲಿಸಿ ತೋರಿಸಿದರೆ ಒಯ್ಯುತ್ತೇನೆಂದು ಸಾಹುಕಾರರು ಹೇಳಿದ್ದರು. ಬೇಸಿಗೆಯಿಡೀ ಚಾಚಾ ಅದಕ್ಕೆ ವಾರ್ನಿಶ್ ಬಳಿದರು. "ಕಟ್ಟಿಗಿಗೆ ತೇವ ಹತ್ತಬಾರದವ್ವಾ, ಕೊಳೀತೈತಿ" ಅನ್ನುತ್ತಿದ್ದರು. ಮೊದಲ ಮಳೆ ಬಿದ್ದಾಗ ಚಾಚಿಯೂ ನಾನೂ ಹಳೇ ಸೀರೆಗಳಿಂದ ಹನಿಹನಿ ಒರೆಸಿದೆವು. ಬೆಚ್ಚಗೆ, ಒಣಗಿಸಿ, ಮಗುವಿನಂತೆ ಇಟ್ಟೆವು...

ಮಾಗಳದ ಹೊಳೆಗೆ ಒಯ್ದ ದಿನ ನಾನು ಅದಕ್ಕೆ ವಿಭೂತಿ ಹಚ್ಚಿ ಕಾಯಿ ಒಡೆದೆ. ಚಾಚಿ ಎರಡೂ ಕೈಯೆತ್ತಿ ದುವಾ ಮಾಡಿದರು. ನೀರಿಗೆ ನೂಕಿದಾಗ ತೇಲಿತು. ಆಮೇಲೆ ಹಲಗೆ ಹಲಗೆಯ ಸಂದಿನಿಂದ ನೀರು ಮೇಲೆ ಬಂತು. ನೋಡುತ್ತಿದ್ದಂತೆ ದೋಣಿ ಕೆಸರಿಗೆ ಕೂತಿತು.

"ದೋಣೀನ ಯಾರರ ಬಿಸಲಾಗ ಇಡ್ತಾರೇನ್ರಿ? ಕಟ್ಟಿಗಿ ಒಣಗಿ ಸಂದು ಬಿಟ್ಟಾವ" ಎಂದ ಅಲ್ಲಿನ ಅಂಬಿಗ.

ಸಾಹುಕಾರರು ಜೀಪು ಹತ್ತಿದರು. ಚಾಚಾ ಮೊಣಕಾಲುದ್ದ ನೀರಿನಲ್ಲೇ ನಿಂತಿದ್ದರು. "ಎತ್ತಿನ ಗಾಡಿ ಗಾಲಿ ಸಡ್ಲಾದ್ರ ನೀರಾಗ ನೆನಿ ಹಾಕ್ತೀವಿ. ಇದು ನೀರಿನ ವಸ್ತು... ನನಗ ಹೊಳೀಲಿಲ್ಲಲ್ಲವ್ವಾ."

ನೀರಿನಲ್ಲೇ ಬಿಟ್ಟ ಕೆಲವೇ ದಿನಗಳಲ್ಲಿ ಕಟ್ಟಿಗೆ ಉಬ್ಬಿ ಸಂದುಗಳು ಕೂಡಿದವು. ಒಳಗಿನ ನೀರು ಮೊಗೆದು ತೇಲಿಸಿದರೆ ಒಂದು ಹನಿಯೂ ಒಳಗೆ ಬರಲಿಲ್ಲ. ಚಾಚಾ ಹೋಟೆಲಿಗೆ ಓಡಿದರು. ಅಲ್ಲಿ ಆಗಲೇ ಫೈಬರ್ ದೋಣಿ ಬಂದಿತ್ತು. ಬೇರೆ ಗಿರಾಕಿ ಸಿಗಲಿಲ್ಲ. ಕೊನೆಗೆ ಇಟ್ಟಿಗೆ ಭಟ್ಟಿಯವರು ಸೌದೆಯ ಬೆಲೆಗೆ ಒಯ್ದರು.

ಆಮೇಲೆ ಚಾಚಿ ನಮ್ಮ ಕಟ್ಟೆಯ ಮೇಲೆ ಕೂತು ಮಲ್ಲಿಗೆ ಕಟ್ಟಿ ಮನೆ ನಡೆಸಿದರು. ಚಾಚಾ ಹೂ ಜೋಡಿಸಿಕೊಡಲು ಬರುತ್ತಿದ್ದರು, ಕೈಯಿಂದ ಚೆಲ್ಲಿಹೋಗುತ್ತಿದ್ದವು. "ಬಿಡ್ರಿ, ನಾ ಮಾಡ್ತೀನಿ" ಎಂದು ಚಾಚಿ ಮೆಲ್ಲಗೆ ಹೇಳುವರು. ಚಾಚಾ ಆ ಕೈಯನ್ನು ತೊಡೆಯ ಕೆಳಗೆ ಒತ್ತಿಟ್ಟುಕೊಂಡು ಕೂರುವರು. ಮುಂದಿನ ಮಳೆಗಾಲ ಅವರು ನೋಡಲಿಲ್ಲ.

ಸಂಜೆ ದೀಪ ಹಚ್ಚಿ, ದೇವರು ಮಾಡಿದ ಉಪಕಾರ ನೆನೆಯುವುದು ನನ್ನ ರೂಢಿ. ಅವತ್ತು ದೋಣಿಯಲ್ಲಿ ಯಾರೂ ಕೂತಿರಲಿಲ್ಲ, ಅದು ಅವನ ದಯೆ. ಚಾಚಿಗೆ ಹೂ ಕಟ್ಟಲು ಬರುತ್ತಿತ್ತು, ಅದೂ ದಯೆ. ಚಾಚಾನ ಪಾಲಿಗೆ ಯಾವ ದಯೆ ಬಂತು ಎಂದು ಹುಡುಕುತ್ತೇನೆ... ಕೇಳೋಣವೆಂದರೆ ಚಾಚಿಯೂ ಈಗ ಇಲ್ಲ.