ಕೊರಿಯಾ ಕಾರು, ಕೆಂಪಿಯ ಹಗ್ಗ

ಬಂಗಾರಪೇಟೆ ರೈಲ್ವೆ ಸ್ಟೇಷನ್ನಿನ ಮುಂದಿನ ಟ್ಯಾಕ್ಸಿ ಸ್ಟ್ಯಾಂಡಿನಲ್ಲಿ ಡ್ರೈವರ್ ಅಶ್ವತ್ಥಪ್ಪನನ್ನು ಅರಿಯದವರಿರಲಿಲ್ಲ. ಆದರೆ ಅವನ ಮನೆ ಎಲ್ಲಿ, ಮಠ ಎಲ್ಲಿ ಅಂತ ಕೇಳಿದರೆ ಒಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಬಾಯಿ ಬಿಟ್ಟರೆ ತಾನೆ! ಮದ್ರಾಸ್ ಮೇಲ್‌ನಿಂದ ಇಳಿದವರನ್ನು ಅಂಬಾಸಿಡರಿಗೆ ತುಂಬಿಕೊಂಡು ಉರಿಗಾಂ, ಚಾಂಪಿಯನ್ ರೀಫ್ಸ್, ಮೈಸೂರು ಮೈನ್ಸ್ ಎಂದು ಎಲ್ಲಿಗೆ ಬೇಕಾದರೂ ಹೋಗುತ್ತಿದ್ದ. ಕ್ಯಾಸಂಬಳ್ಳಿ ಕಡೆಗೆ ಬಾಡಿಗೆ ಬಂದರೆ ಮಾತ್ರ, 'ಬ್ರೇಕು ಸರಿಯಿಲ್ಲ' ಎಂದು ಪಕ್ಕದ ಗಾಡಿಯವನಿಗೆ ದಾಟಿಸಿಬಿಡುತ್ತಿದ್ದ. ಬ್ರೇಕಿಗೇನು ಬಂದಿತ್ತು ರೋಗ! ಅವನ ಹುಟ್ಟೂರು ಕ್ಯಾಸಂಬಳ್ಳಿಯ ಮಗ್ಗುಲಲ್ಲೇ ಇತ್ತು, ಅದೇ ರೋಗ.

ದೀಪಾವಳಿಗೆ ಊರೆಲ್ಲ ಎಣ್ಣೆ ನೀರು ಹಾಕಿಕೊಂಡು ಕೂತರೆ, ಇವನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಮಡಚಿ ಮಲಗಿರುತ್ತಿದ್ದ. ಹೋಟೆಲು ಮುಚ್ಚಿದ ದಿನ ಬನ್ನು, ಚಹಾ. ಹೆಣ್ಣು ಕೇಳಲು ಹೋಗಬೇಕಾದರೆ ಮುಂದೆ ನಿಲ್ಲುವ ಹಿರಿಯರು ಬೇಕಲ್ಲ, ಅದಕ್ಕೆ ಮದುವೆಯೂ ಆಗಲಿಲ್ಲ. ಸ್ಟ್ಯಾಂಡಿನವರು 'ಅಣ್ಣಾ' ಎನ್ನುತ್ತಿದ್ದರು, ಸವಾರಿಯವರು 'ಡ್ರೈವರೇ' ಎನ್ನುತ್ತಿದ್ದರು. ಆದರೆ 'ಲೇ ಅಶ್ವತ್ಥಾ, ಬಾರ್ಲಾ ಉಣ್ಣಾಕೆ' ಎಂದು ಯಾರಾದರೂ ಕರೆದು ಇಪ್ಪತ್ತೈದು ವರ್ಷದ ಮೇಲಾಗಿತ್ತು. ಆ ಒಂದು ಕರೆಗಾಗಿ ಅವನ ಜೀವ ಒಳಗೊಳಗೇ ಬಾಯಿಬಿಡುತ್ತಿತ್ತು.

ಆದದ್ದು ಇಷ್ಟೇ. ಎಪ್ಪತ್ತೆರಡನೇ ಇಸವಿಯಲ್ಲಿ ಮೀಸೆ ಚಿಗುರುವ ವಯಸ್ಸಿನ ಅಶ್ವತ್ಥಪ್ಪನಿಗೆ ಡ್ರೈವರ್ ಆಗುವ ಹುಚ್ಚು ಹಿಡಿಯಿತು. ಅಪ್ಪ ಮುನಿನಾರಾಯಣಪ್ಪ ಕಡ್ಡಿ ಮುರಿದ ಹಾಗೆ ಹೇಳಿದ್ದ.

"ಚಕ್ರ ಇಡ್ಕೊಂಡು ಊರೂರು ತಿರುಗೋನು ಮನೇಗಾಯ್ತಾನೇನ್ಲಾ? ಸುಮ್ಕೆ ನೇಗ್ಲು ಇಡ್ಕೊಂಡು ಒಲದ ಕಡೀಕ್ ನಡಿ."

ಮಗ ನೇಗಿಲು ಹಿಡಿಯಲಿಲ್ಲ. ಅಪ್ಪ ನೆಂಟರ ಮನೆಗೆ ಹೋದ ದಿನ ನೋಡಿಕೊಂಡು ಮನೆಯ ಹಸು ಕೆಂಪಿಯನ್ನು ದನದ ಸಂತೆಗೆ ಹೊಡೆದುಕೊಂಡು ಹೋದ, ಮಾರಿದ, ಆ ದುಡ್ಡಿನಲ್ಲಿ ಕಾರು ಕಲಿತು ಲೈಸೆನ್ಸ್ ಮಾಡಿಸಿಕೊಂಡ. ಅಪ್ಪನ ಕೋಪ ಇಳಿದ ಮೇಲೆ ಹೋದರಾಯಿತು ಎಂದುಕೊಂಡಿದ್ದ. ಆದರೆ ಆತುರದಲ್ಲಿ ಒಂದು ಎಡವಟ್ಟು ಮಾಡಿದ್ದ. ಕೆಂಪಿಯನ್ನು ಕೊಳ್ಳುವವನ ಕೈಗೆ ಕೊಡುವಾಗ ಕೊರಳ ಹಗ್ಗವನ್ನೂ ಕೊಟ್ಟುಬಿಟ್ಟಿದ್ದ.

ಆ ಕಡೆಯ ಹಟ್ಟಿಗಳಲ್ಲಿ ಇದು ಸಣ್ಣ ಮಾತಲ್ಲ. ಹಸು ಮಾರಿದರೆ ಮಾರಿದವನು ತನ್ನ ಹಗ್ಗ ಬಿಚ್ಚಿಕೊಂಡು ಬರಬೇಕು, ಕೊಂಡವನು ತನ್ನ ಹಗ್ಗ ಹಾಕಿ ಹೊಡೆದುಕೊಂಡು ಹೋಗಬೇಕು. ತಂದ ಹಗ್ಗ ಕೊಟ್ಟಿಗೆಯ ತೊಲೆಗೆ ಏರುತ್ತದೆ, ಅದು ಅಲ್ಲಿದ್ದರೆ ಮನೆಯ ಲಕ್ಷ್ಮಿ ಮನೆಯಲ್ಲೇ ಇದ್ದ ಹಾಗೆ. ಹಗ್ಗದ ಸಮೇತ ಹಸು ಕೊಡುವುದು ಮನೆಯವರಿಗೆ ಮಾತ್ರ, ಮಗಳಿಗೆ ಬಳುವಳಿ ಕೊಟ್ಟಂತೆ, ಅಣ್ಣ ತಮ್ಮಂದಿರು ಪಾಲು ಹಂಚಿಕೊಂಡಂತೆ. ಹೊರಗಿನವನಿಗೆ ಹಗ್ಗ ಕೊಟ್ಟವನು ಮನೆಯನ್ನೇ ಕೈಯೆತ್ತಿ ಕೊಟ್ಟ ಎಂದು ಲೆಕ್ಕ.

ಊರಿನ ಸೊಣ್ಣಪ್ಪ ಎಂಬವನು ಒಂದು ದಿನ ಸ್ಟೇಷನ್ ಹತ್ತಿರ ಸಿಕ್ಕಿ ಅಪ್ಪನ ಮಾತು ಮುಟ್ಟಿಸಿದ.

"ಅಸ ಮಾರಿದ್ರೆ ಮಾರ್ಲಿ, ಉಡುಗ ಬುದ್ಧಿ ಅಂತಿದ್ದೆ. ಅಗ್ಗಾನೂ ಕೊಟ್ಟ್ ಬಂದವ್ನಲ್ಲಾ, ಅವ್ನು ನನ್ ಮನೆಯೋನಲ್ಲ, ಅಂದವ್ನೆ ಕಣ್ಲಾ ನಿಮ್ಮಪ್ಪ. ನೀನ್ ಆ ಕಡೀಕ್ ಬರಬ್ಯಾಡ."

ಅಶ್ವತ್ಥಪ್ಪ ಹೋಗಲಿಲ್ಲ. ಅವ್ವ ಸತ್ತ ಸುದ್ದಿ ತಿಥಿಯೂ ಕಳೆದ ಮೇಲೆ ತಿಳಿಯಿತು. ಅಂದು ಕಾರಿನ ಗಾಜು ಏರಿಸಿಕೊಂಡು ಅತ್ತ, ಆಮೇಲೆ ಮುಖ ತೊಳೆದುಕೊಂಡು ಮಾರಿಕುಪ್ಪಂಗೆ ಬಾಡಿಗೆ ಹೋದ.

ವರ್ಷಗಳು ಹೀಗೇ ಉರುಳಿದವು. ಗಣಿಯಲ್ಲಿ ಚಿನ್ನ ಸವೆಯುತ್ತ ಬಂತು, ಕೆಲಸದವರನ್ನು ಮನೆಗೆ ಕಳಿಸುತ್ತ ಬಂದರು, ಟ್ಯಾಕ್ಸಿ ಹತ್ತುವವರೂ ಕಮ್ಮಿಯಾದರು. ಕೊನೆಗೆ ಅಂಬಾಸಿಡರಿನ ಮಾಲೀಕ ಗಾಡಿಯನ್ನು ಗುಜರಿಗೆ ಹಾಕಿದ. ಆಗ ಅಶ್ವತ್ಥಪ್ಪನನ್ನು ಕರೆದು ಕೆಲಸ ಕೊಟ್ಟವರು ರಾಬರ್ಟ್‌ಸನ್‌ಪೇಟೆಯ ಬಟ್ಟೆ ಅಂಗಡಿ ಸೀನಪ್ಪ ಶೆಟ್ಟರು. ತೊಂಬತ್ತೊಂಬತ್ತರ ಶುರುವಿನಲ್ಲಿ ಅವರು ಬೆಂಗಳೂರಿಂದ ಹೊಸ ಸ್ಯಾಂಟ್ರೋ ತಂದಿದ್ದರು. ಹ್ಯುಂಡೈ ಎಂಬ ಹೆಸರು ನಾಲಿಗೆಗೆ ಹೊರಳದ ಪೇಟೆಯವರು ಅದಕ್ಕೆ 'ಕೊರಿಯಾ ಕಾರು' ಎಂದೇ ಹೆಸರಿಟ್ಟರು.

ಅಬ್ಬಬ್ಬಾ, ಆ ಕಾರಿಗೆ ಬಂದಷ್ಟು ಮಾತು ಮದುವೆ ಹೆಣ್ಣಿಗೂ ಬಂದಿರಲಿಕ್ಕಿಲ್ಲ. ಹಾಲಿನ ಕ್ಯಾನಿಗೆ ಚಕ್ರ ಕಟ್ಟಿದ ಹಾಗಿದೆ ಅಂದರು ಕೆಲವರು. ಮಾರುತಿಯೇ ಸಾಕಿತ್ತು, ಪರದೇಶದ್ದು ಯಾಕೆ ಬೇಕಿತ್ತು ಅಂದರು ಇನ್ನು ಕೆಲವರು. ಅಂಬಾಸಿಡರಲ್ಲಿ ಒಂಬತ್ತು ಜನ ಕೂತು ಹರಟೆ ಹೊಡೆದುಕೊಂಡು ಹೋದವರಿಗೆ, ಐದು ಜನಕ್ಕೇ ಬಾಗಿಲು ಹಾಕುವ ಕಾರು ಕಾರೇ ಅಲ್ಲ. ಶೆಟ್ಟರ ಹೆಂಡತಿ ಅನಸೂಯಮ್ಮ ಮಾತ್ರ, "ಹೂವು ಮುಡಿದ ತಲೆ ಸೂರಿಗೆ ತಾಗಲ್ಲ, ಇಳಿಯೋವಾಗ ಸೊಂಟ ಹಿಡಿಯಲ್ಲ, ಇನ್ನೇನ್ ಬೇಕು?" ಎಂದು ಎಲ್ಲರ ಬಾಯಿ ಮುಚ್ಚಿಸಿದರು.

ಚಾಂಪಿಯನ್ ರೀಫ್ಸಿನ ಮೆಕ್ಯಾನಿಕ್ ಕುಪ್ಪುಸ್ವಾಮಿ ಬಾನೆಟ್ ಎತ್ತಿ ನೋಡಿ ಸೊಂಟಕ್ಕೆ ಕೈಯಿಟ್ಟುಕೊಂಡು ನಿಂತ. ಅಂಬಾಸಿಡರಿನ ಕಾಲದಿಂದ ಅಶ್ವತ್ಥಪ್ಪನಿಗೆ ಇದ್ದ ಒಬ್ಬನೇ ಗೆಳೆಯ ಅವನು.

"ಅಯ್ಯಯ್ಯೋ, ಎನ್ನಪ್ಪಾ ಇದು! ಕಾರ್ಬುರೇಟರ್ ಎಲ್ಲಿ? ಎಲ್ಲಾ ಕಂಪ್ಯೂಟರ್ ಅಂತೆ. ನಮ್ಮ ಕೈಗೆ ಏನಪ್ಪಾ ಕೆಲ್ಸ?" ಎಂದ. ಆಮೇಲೆ ಇಂಜಿನ್ನಿಗೆ ಕಿವಿಯಿಟ್ಟು, "ಆದ್ರೂ ಅಣ್ಣಾ, ಸದ್ದೇ ಇಲ್ಲ ನೋಡು. ಸೂಪರ್ ಗಾಡಿ" ಎಂದು ಒಪ್ಪಿಕೊಂಡ.

ಅಶ್ವತ್ಥಪ್ಪನಿಗೆ ಬೇಜಾರಾದದ್ದೇ ಆ ಸದ್ದಿಲ್ಲದ್ದಕ್ಕೆ. ಅಂಬಾಸಿಡರ್ ಗುರುಗುಟ್ಟುತ್ತಿತ್ತು, ಕಟಕಟ ಎನ್ನುತ್ತಿತ್ತು, ಗೇರು ಬದಲಿಸಿದರೆ ಬೈಯುತ್ತಿತ್ತು. ಜೊತೆಗೆ ಯಾರೋ ಇದ್ದ ಹಾಗಿರುತ್ತಿತ್ತು. ಈ ಕಾರಿನಲ್ಲಿ ಗಾಜು ಏರಿಸಿ ಏಸಿ ಹಾಕಿಕೊಂಡರೆ ಬೀದಿಯ ಮಾತೂ ಒಳಗೆ ಬರುವುದಿಲ್ಲ. ಶೆಟ್ಟರು ಇಳಿದುಹೋದ ಮೇಲೆ ಒಬ್ಬನೇ ಕೂತರೆ ಅವನ ಉಸಿರು ಅವನಿಗೇ ಕೇಳುತ್ತಿತ್ತು.

ಪುಣ್ಯಕ್ಕೆ ಶೆಟ್ಟರು ಮಾತಿನ ಮಲ್ಲ. ಒಂದು ದಿನ ಕೋಲಾರದಿಂದ ವಾಪಸು ಬರುವಾಗ ಶುರು ಮಾಡಿದರು.

"ಅಶ್ವತ್ಥಪ್ಪಾ, ಈ ಕಂಪನಿ ಕಟ್ಟಿದವನ ಕತೆ ಕೇಳಿದ್ದೀಯೇನೋ? ಶೋರೂಮಿನವನು ಹೇಳ್ದ. ಪೇಪರಲ್ಲೂ ಬಂದಿತ್ತು. ಅವನೂ ಒಬ್ಬ ರೈತನ ಮಗನೇ ಕಣಯ್ಯ. ಬೇಸಾಯ ಬೇಡ ಅಂತ ಮನೆ ಬಿಟ್ಟು ಓಡಿಹೋದ. ಹೋಗೋವಾಗ ಏನ್ ತಗೊಂಡ್ ಹೋದ ಹೇಳು?"

"ಏನ್ ತಗೊಂಡ್ರು ಶೆಟ್ರೇ?"

"ಅಪ್ಪ ಹಸು ಮಾರಿ ಮನೇಲಿಟ್ಟಿದ್ದ ದುಡ್ಡು!"

ಅಶ್ವತ್ಥಪ್ಪ ಹಾಕಬೇಕಾದ ಗೇರು ಬಿಟ್ಟು ಬೇರೆ ಗೇರು ಹಾಕಿದ. ಶೆಟ್ಟರಿಗೆ ಅದು ಕಾಣಲಿಲ್ಲ, ಅವರು ಕತೆಯಲ್ಲಿ ಮುಳುಗಿಹೋಗಿದ್ದರು. ಅಕ್ಕಿ ಅಂಗಡಿಯಲ್ಲಿ ಮೂಟೆ ಸಾಗಿಸಿದನಂತೆ, ಗ್ಯಾರೇಜು ಇಟ್ಟನಂತೆ, ರಸ್ತೆ ಹಾಕಿಸಿದನಂತೆ, ಅರವತ್ತೇಳರಲ್ಲಿ ಕಾರು ಕಂಪನಿ ತೆರೆದನಂತೆ. ಮೊದಲು ಬೇರೆಯವರ ಕಾರು ಜೋಡಿಸಿಕೊಡುತ್ತಿದ್ದವರು, ಎಪ್ಪತ್ತರ ದಶಕ ಮುಗಿಯುವ ಮೊದಲೇ ತಮ್ಮದೇ ಒಂದು ಪುಟ್ಟ ಕಾರು ಮಾಡಿ ದೇಶ ದೇಶಕ್ಕೆ ಮಾರಿದರಂತೆ. ಈಗ ನಮ್ಮ ಮದ್ರಾಸಿನ ಪಕ್ಕದಲ್ಲೇ ಕಾರ್ಖಾನೆ.

"ಅಸಲು ಕತೆ ಇನ್ನೂ ಮುಂದೆ ಇದೆ ಕೇಳು. ಅವನ ದೇಶ ಎರಡು ಹೋಳಾಗಿತ್ತು. ಹುಟ್ಟಿದೂರು ಬೇಲಿಯಾಚೆ ಉಳಿದುಬಿಡ್ತು. ಹೋದ ವರ್ಷ, ಎಂಬತ್ತು ದಾಟಿದ ಮುದುಕ, ಲಾರಿಗಟ್ಟಲೆ ದನ ತುಂಬಿಸ್ಕೊಂಡು ಆ ಬೇಲಿ ದಾಟಿ ಹೋದ. ಎರಡು ಸಲ ಸೇರಿ ಸಾವಿರದ ಒಂದು ದನ! ಒಂದು ಅಸಲು, ಸಾವಿರ ಬಡ್ಡಿ. ಅಪ್ಪನ ಹಸುವಿನ ಋಣ ತೀರಿಸ್ದ. ಎಂಥಾ ಮಗ ನೋಡು!"

ಅಶ್ವತ್ಥಪ್ಪ ಮನಸ್ಸಿನಲ್ಲೇ ತನ್ನದನ್ನು ಹೋಲಿಸಿ ನೋಡಿದ. ಸಮುದ್ರದಾಚೆಯ ಯಾವನೋ ದೊಡ್ಡ ಮನುಷ್ಯ ತನ್ನ ಹಾಗೇ ಮಾಡಿದ್ದ, ತಿರುಗಿ ಮನೆಗೂ ಹೋದ. ಅವನಿಗೆ ಬೇಲಿ ಇತ್ತು, ಬಂದೂಕು ಹಿಡಿದ ಸಿಪಾಯಿಗಳಿದ್ದರು. ತನಗೆ ಏನಿತ್ತು? ಬಸ್ಸಿನಲ್ಲಿ ಕೂತರೆ ಬೀಡಿ ಮುಗಿಯುವಷ್ಟರಲ್ಲಿ ಬರುವ ಊರು. ಅವಮಾನ, ಆಸೆ ಎರಡೂ ಒಟ್ಟಿಗೆ ಉಕ್ಕಿ ಬಂದವು. ಹಸು ತಗೊಂಡು ಹೋಗುತ್ತೇನೆ, ಅಪ್ಪ ಬೈದರೂ ಸರಿ, ಹೊಡೆದರೂ ಸರಿ, 'ಬಾರ್ಲಾ' ಅಂದರೆ ಸಾಕು ಎಂದು ಅಲ್ಲೇ ತೀರ್ಮಾನ ಮಾಡಿದ.

ಯುಗಾದಿ ಕಳೆದ ಮೇಲೆ ಸಂತೆಯಲ್ಲಿ ಕೆಂಪಿಯ ಬಣ್ಣದ್ದೇ ಒಂದು ಗಬ್ಬದ ಹಸು ಹುಡುಕಿದ. ಹಗ್ಗವನ್ನು ತಾನೇ ಒಯ್ದಿದ್ದ. ಹೊಸ ನಾರಿನ ಹಗ್ಗ, ಅದಕ್ಕೆ ಕೆಂಪು ಕುಚ್ಚು, ಒಂದು ಹಿತ್ತಾಳೆ ಗೆಜ್ಜೆ. ಮಾರಿದವನು ತನ್ನ ಹಗ್ಗ ಬಿಚ್ಚಿ ಹೆಗಲಿಗೆ ಹಾಕಿಕೊಂಡ, ಅಶ್ವತ್ಥಪ್ಪ ತನ್ನ ಹಗ್ಗ ಬಿಗಿದ. ಈ ಸಲ ಎಲ್ಲೂ ತಪ್ಪಲಿಲ್ಲ ಎಂದು ಅವನಿಗೆ ಎಳೆ ಹುಡುಗನಂತೆ ಹೆಮ್ಮೆಯಾಯಿತು. ಟೆಂಪೋದಲ್ಲಿ ಹಸುವನ್ನು ತಂದು ಕುಪ್ಪುಸ್ವಾಮಿಯ ಶೆಡ್ಡಿನ ಹಿಂದೆ ಕಟ್ಟಿ, ಶೆಟ್ಟರ ಹತ್ತಿರ ಒಂದು ದಿನ ರಜೆ ಕೇಳಿಕೊಂಡು ಬಂದ.

ಬೆಳಿಗ್ಗೆ ಹೊರಟಾಗ ಕುಪ್ಪುಸ್ವಾಮಿ ಕಿಚಾಯಿಸಿದ. "ಏನಣ್ಣಾ, ಕೊರಿಯಾ ಕಾರು ಬಿಟ್ಟು ಕೊರಿಯಾ ಹಸು ಓಡಿಸೋದಾ? ಇದಕ್ಕೂ ಏಸಿ ಇದ್ಯಾ?" ಎಂದ. ಆಮೇಲೆ ಮುಖ ನೋಡಿ, "ಓಗಿ ಬಾ ಅಣ್ಣಾ, ಅಪ್ಪಾ ತಾನೇ, ಎಷ್ಟ್ ದಿನ ಕೋಪ ಇಟ್ಕೋತಾರೆ" ಎಂದು ಹಸುವಿನ ಬೆನ್ನು ತಟ್ಟಿದ.

ದಾರಿಯುದ್ದಕ್ಕೂ ಅಶ್ವತ್ಥಪ್ಪ ಹಸುವಿನ ಜೊತೆ ಮಾತಾಡಿದ. ಅಷ್ಟು ವರ್ಷದಲ್ಲಿ ಅವನು ಅಷ್ಟು ಮಾತಾಡಿದ್ದೇ ಇಲ್ಲ. ಅಪ್ಪ ಮುಂಗೋಪಿ, ಒದೀಬೇಡ ಎಂದು ಹೇಳಿಕೊಟ್ಟ. ಅವ್ವ ಇದ್ದಿದ್ದರೆ ನಿನಗೆ ಅರಿಶಿನ ಕುಂಕುಮ ಇಡುತ್ತಿದ್ದಳು ಎಂದ. ಬಿಸಿಲೇರುವ ಹೊತ್ತಿಗೆ ಮನೆಯ ಮುಂದೆ ಬಂದು ನಿಂತ.

ಮನೆಗೆ ತಾರಸಿ ಬಂದಿತ್ತು. ಕೊಟ್ಟಿಗೆಯಲ್ಲಿ ನಾಲ್ಕು ಸೀಮೆ ಹಸುಗಳು ಮೆಲುಕು ಹಾಕುತ್ತಿದ್ದವು. ತಮ್ಮ ಮುನಿಸ್ವಾಮಪ್ಪ ಡೇರಿಗೆ ಹಾಲು ಹಾಕಲು ಹೋಗಿದ್ದ. ಜಗಲಿಯ ಮೇಲೆ ಕೂತಿದ್ದ ಮುನಿನಾರಾಯಣಪ್ಪ ತಲೆಯೆತ್ತಿದ. ಕೂದಲೆಲ್ಲ ಬೆಳ್ಳಗಾಗಿತ್ತು, ಕಣ್ಣು ಮಾತ್ರ ಮೊದಲಿನಷ್ಟೇ ಚುರುಕು. ಗುರುತು ಸಿಕ್ಕಿತು. ಸಿಕ್ಕಿದ್ದು ಅಶ್ವತ್ಥಪ್ಪನಿಗೆ ಚೆನ್ನಾಗಿ ಕಂಡಿತು.

ಮುದುಕ ಮೆಲ್ಲಗೆ ಎದ್ದು ಬಂದ. ಮಗನ ಮುಖ ನೋಡಲಿಲ್ಲ. ಹಸುವಿನ ಹಲ್ಲು ನೋಡಿದ, ಕೆಚ್ಚಲು ಮುಟ್ಟಿದ, ಬೆನ್ನ ಮೇಲಿನ ಸುಳಿ ಸವರಿದ.

"ಒಳ್ಳೆ ಅಸ ತಂದಿದ್ದೀರಿ" ಎಂದ. "ಎಷ್ಟನೇ ಸೂಲು?"

ತಂದಿದ್ದೀರಿ! ಹೆತ್ತಪ್ಪ ಬಹುವಚನ ಹಚ್ಚಿದ. ಅಶ್ವತ್ಥಪ್ಪನಿಗೆ ಕೆನ್ನೆಗೆ ಹೊಡೆದಿದ್ದರೂ ಅಷ್ಟು ನೋಯುತ್ತಿರಲಿಲ್ಲ.

"ಎರಡನೇದು ಅಪ್ಪಯ್ಯಾ" ಎಂದ.

ಅಷ್ಟರಲ್ಲಿ ತಮ್ಮನ ಹೆಂಡತಿ ವರಲಕ್ಷ್ಮಮ್ಮ ಹೊರಗೆ ಬಂದಳು. ಭಾವನನ್ನು ಅವಳು ಕಂಡವಳೇ ಅಲ್ಲ.

"ಯಾರು ಮಾವಾ?"

"ಅಸ ತಂದವ್ರೆ ಕಣಮ್ಮಾ. ಬಿಸಿಲಲ್ಲಿ ಬಂದವ್ರೆ, ಕುಡಿಯೋಕೆ ಮಜ್ಜಿಗೆ ಕೊಡು" ಎಂದ ಮುದುಕ.

ಅವಳು ತಂದ ಮಜ್ಜಿಗೆಯನ್ನು ಅಶ್ವತ್ಥಪ್ಪ ನಿಂತೇ ಕುಡಿದ. ಮುನಿನಾರಾಯಣಪ್ಪ ಕೊಟ್ಟಿಗೆಯಿಂದ ಮನೆಯದೊಂದು ಹಳೇ ಹಗ್ಗ ತಂದು ಹಸುವಿನ ಕೊರಳಿಗೆ ಹಾಕಿದ. ಮಗ ಕಟ್ಟಿದ್ದ ಹಗ್ಗದ ಗಂಟು ಬಿಚ್ಚಲು ಬೆರಳು ಸಾಗಲಿಲ್ಲ, ಹಲ್ಲಿನಿಂದ ಕಚ್ಚಿ ಸಡಿಲ ಮಾಡಿದ. ಕೆಂಪು ಕುಚ್ಚು, ಹಿತ್ತಾಳೆ ಗೆಜ್ಜೆ ಸಮೇತ ಅದನ್ನು ಸುರುಳಿ ಸುತ್ತಿ ಮಗನ ಕೈಯಲ್ಲಿಟ್ಟ.

"ಅಪ್ಪಯ್ಯಾ, ನಾನ್ ಮಾರಾಕ್ ಬಂದಿಲ್ಲ. ಅಗ್ಗಾನೂ ನಿಂಗೇ ತಂದಿದ್ದು. ಇಟ್ಕೋ" ಎಂದ ಅಶ್ವತ್ಥಪ್ಪ. ಅವನ ಕಣ್ಣು ತುಂಬಿದ್ದವು.

"ಒಂದಸ ಓಗಿತ್ತು, ಒಂದಸ ಬಂತು. ಬಾಕ್ಲಿಗ್ ಬಂದ ಲಕ್ಷ್ಮೀನ ಬ್ಯಾಡ ಅನ್ನಲ್ಲ. ಲೆಕ್ಕ ಸರಿಯೋಯ್ತು" ಎಂದ ಮುದುಕ. ಅವನ ದನಿಯಲ್ಲಿ ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಅಶ್ವತ್ಥಪ್ಪ ಕಾಲು ಹಿಡಿಯುತ್ತಿದ್ದ. "ಅಗ್ಗ ತಂದೋರ್ದು ತಂದೋರ್ಗೇ. ಬಸ್ಸಿನ ಒತ್ತಾಯ್ತು, ಓಗ್‌ಬನ್ನಿ."

ಹಸುವನ್ನು ಒಳಗೆ ಹೊಡೆದುಕೊಂಡು ಹೋದ. ಹಸು ಒಂದು ಸಲ ತಿರುಗಿ ನೋಡಿತು. ಮುದುಕ ನೋಡಲಿಲ್ಲ.

ಹಗ್ಗವನ್ನು ಎಲ್ಲಾದರೂ ಎಸೆಯೋಣ ಎಂದುಕೊಂಡೇ ಬಸ್ಸು ಹತ್ತಿದ ಅಶ್ವತ್ಥಪ್ಪ. ಆಗಲಿಲ್ಲ. ಅವನಿಗೆ ತೊಲೆಯಿರಲಿಲ್ಲ, ಕೊಟ್ಟಿಗೆಯಿರಲಿಲ್ಲ. ಕೊರಿಯಾ ಕಾರಿನ ಡಿಕ್ಕಿಯಲ್ಲಿ, ಸ್ಟೆಪ್ನಿಯ ಪಕ್ಕದಲ್ಲಿ ಅದನ್ನು ಇಟ್ಟ.

ಒಂದು ವಾರ ಕಳೆಯಿತು. ಶೆಟ್ಟರು ಸೇಲಂನಿಂದ ಬಂದ ಸೀರೆ ವ್ಯಾಪಾರಿಯೊಬ್ಬರನ್ನು ಬಂಗಾರಪೇಟೆಗೆ ರೈಲು ಹತ್ತಿಸಲು ಹೊರಟರು. ದಾರಿಯಲ್ಲಿ ಮತ್ತೆ ಅದೇ ಕತೆ, ಓಡಿಹೋದ ಮಗ, ಅಕ್ಕಿ ಅಂಗಡಿ, ಸಾವಿರದ ಒಂದು ದನ. ಆ ಕಾರಿನ ಹಿಂದಿನ ಸೀಟಿನಲ್ಲಿ ಕೂತವರು ಆ ಕತೆ ಕೇಳದೆ ಇಳಿಯುವ ಹಾಗೇ ಇರಲಿಲ್ಲ. ಗುಂಡಿ ಬಂದಾಗೆಲ್ಲ ಡಿಕ್ಕಿಯೊಳಗೆ ಗೆಜ್ಜೆ ಸಣ್ಣಗೆ ಸದ್ದು ಮಾಡುತ್ತಿತ್ತು. ಸದ್ದಿಲ್ಲದ ಕಾರಾದ್ದರಿಂದ ಅಶ್ವತ್ಥಪ್ಪನಿಗೆ ಅದು ಚೆನ್ನಾಗಿ ಕೇಳುತ್ತಿತ್ತು.

"ಅಷ್ಟು ದನ ಹೊಡ್ಕೊಂಡು ಊರಿಗೆ ಹೋದಾಗ ಹೇಗಿದ್ದಿರಬೇಡ ಹೇಳಿ!" ಎಂದು ಶೆಟ್ಟರು ತೊಡೆ ತಟ್ಟಿದರು.

ಯಾವತ್ತೂ ಮಧ್ಯೆ ಬಾಯಿ ಹಾಕದ ಅಶ್ವತ್ಥಪ್ಪ ಅಂದು ಕೇಳಿದ.

"ಶೆಟ್ರೇ, ಅವ್ರು ದನ ತಗೊಂಡೋದಾಗ ಅವ್ರಪ್ಪ ಬದುಕಿದ್ರಾ?"

"ಎಲ್ಲಿ ಬಂತಯ್ಯಾ? ಮಗನಿಗೇ ಎಂಬತ್ತು ದಾಟಿತ್ತು. ಅಪ್ಪ ಯಾವ ಕಾಲದಲ್ಲೋ ತೀರಿಹೋಗಿದ್ದ, ಪಾಪ."

"ಆ ಮಗನೇ ಪುಣ್ಯವಂತ ಬಿಡಿ" ಎಂದ ಅಶ್ವತ್ಥಪ್ಪ. ಅಷ್ಟರಲ್ಲಿ ಸ್ಟೇಷನ್ನು ಬಂದಿತ್ತು, ಅವನು ವ್ಯಾಪಾರಿಯ ಪೆಟ್ಟಿಗೆ ಇಳಿಸಲು ಡಿಕ್ಕಿ ತೆಗೆದ.