ಅತಿಯಾಗಿ ಹೊಂದಿದ ಹೆಬ್ಬೆಟ್ಟು

1991ರಲ್ಲಿ ನಾನು ಲಿಂಗಸುಗೂರಿನ ಮುನ್ಸಿಫ್ ಕೋರ್ಟಿನಲ್ಲಿ ವಕೀಲ. ವೃತ್ತಿಗೆ ಬಂದು ಆರು ವರ್ಷವಾಗಿತ್ತು. ಆಗ ನಮಗಿದ್ದ ಯಂತ್ರವೆಂದರೆ ಟೈಪ್‌ರೈಟರ್. ಕಾರ್ಬನ್ ಹಾಳೆಯಡಿ ಮೂಡುವ ನಾಲ್ಕನೆಯ ಪ್ರತಿಯನ್ನು ಓದುವುದಕ್ಕಿಂತ ಊಹಿಸುವುದೇ ಸುಲಭ. ಹಾಗಾಗಿ ಝೆರಾಕ್ಸ್ ಪ್ರತಿ ಎಂದರೆ ನಮಗೆಲ್ಲ ಬೆರಗು. ಅಕ್ಷರ ಅಷ್ಟು ಸ್ಪಷ್ಟವಿದ್ದ ಮೇಲೆ ಸುಳ್ಳಿರಲಾರದು ಎಂಬ ಭಾವನೆ ನನಗೂ ಇತ್ತು.

ಆ ವರ್ಷ ಸಂತೆಕಲ್ಲೂರಿನ ವಿಧವೆ ಹುಲಿಗೆಮ್ಮ ಕೋರ್ಟಿನ ಸಮನ್ಸ್ ಹಿಡಿದು ಬಂದಳು. ಅವಳ ಎರಡು ಎಕರೆ ಹೊಲವನ್ನು ತನಗೆ ಮಾರಲು ಒಪ್ಪಿದ್ದಾಳೆಂದು ಗಂಡನ ಕಡೆಯ ಸಂಬಂಧಿ ಶೇಖರಪ್ಪ ದಾವೆ ಹಾಕಿದ್ದ. ಮೂಲ ಕರಾರು ಪತ್ರ ಬಸ್ಸಿನಲ್ಲಿ ಕಳೆದುಹೋಯಿತೆಂದು ಹೇಳಿ, ಅದರ ಝೆರಾಕ್ಸ್ ಮಾತ್ರ ಕೊಟ್ಟಿದ್ದ. ಕೆಳಗೆ ಅವಳ ಹೆಬ್ಬೆಟ್ಟಿನ ಗುರುತು.

"ಹೆಬ್ಬೆಟ್ಟು ನಂದಾ ಇರಬಹುದ್ರಿ. ಆದ್ರ ಈ ಕಾಗದದ ಮ್ಯಾಲ ನಾ ಒತ್ತಿಲ್ರಿ" ಎಂದಳು ಹುಲಿಗೆಮ್ಮ.

ಎರಡೂ ನಿಜವಾಗುವುದು ಹೇಗೆ? ಶೇಖರಪ್ಪನಿಗಾಗಿ ಯಾವ ಕಾಗದಕ್ಕಾದರೂ ಹೆಬ್ಬೆಟ್ಟು ಒತ್ತಿದ್ದೆಯಾ ಎಂದು ಕೇಳಿದೆ. ವಿಧವಾ ವೇತನದ ಅರ್ಜಿ ಅವನೇ ಬರೆಸಿ ಹೆಬ್ಬೆಟ್ಟು ಒತ್ತಿಸಿದ್ದನಂತೆ. ಕಚೇರಿಗೆ ನಕಲು ಬೇಕೆಂದು ಸಿಂಧನೂರಿಗೂ ಕರೆದೊಯ್ದಿದ್ದನಂತೆ. "ಕಾಗದಾನ ಬೋರಲು ಹಾಕಿ ಮುಚ್ಚಿದ್ರ್ರಿ, ಹಸರು ಬೆಳಕು ಅತ್ಲಾಗಿಂದ ಇತ್ಲಾಗ ಹರೀತು. ಹೆಂಗ ಬರ್ತೈತಿ ಅಂತ ಕೇಳಿದ್ರ, ಶೇಖರಪ್ಪ ಸುಮ್ನಿರು ಅಂದ. ನಕಲು ತನ್ನ ಹಂತೇಕ ಇಟ್ಕೊಂಡಾನ."

ನಕಲು ಹೇಗೆ ಬರುತ್ತದೆ ಎಂಬ ಆ ಪ್ರಶ್ನೆಯನ್ನು ನಾನು ಒಮ್ಮೆಯೂ ಕೇಳಿರಲಿಲ್ಲ. ಮರುದಿನವೇ ಮಸ್ಕಿ ಮಾರ್ಗದ ಬಸ್ ಹಿಡಿದು ಸಿಂಧನೂರಿಗೆ ಹೋದೆ. ಅಲ್ಲಿನ ಝೆರಾಕ್ಸ್ ಅಂಗಡಿಯ ರಫೀಕ್ ಸಾಹೇಬರು ಯಂತ್ರದ ಮುಚ್ಚಳ ಎತ್ತಿ ಗಾಜು ತೋರಿಸಿದರು. ಒಂದು ಪತ್ರದ ಕೊನೆಗೆ ಬೇರೆ ಚೀಟಿಯ ತುಂಡು ಜೋಡಿಸಿಟ್ಟು ಗುಂಡಿ ಒತ್ತಿದರು. ಹೊರಬಂದ ಹಾಳೆಯಲ್ಲಿ ಜೋಡಣೆಯ ಸುಳಿವೇ ಇರಲಿಲ್ಲ.

"ಮಷೀನಿಗೇನು ಗೊತ್ತ್ರಿ ವಕೀಲ ಸಾಬ್? ಇಟ್ಟಿದ್ದನ್ನ ನೋಡ್ತೈತಿ, ಅಷ್ಟಾ."

ಮನೆಗೆ ಬಂದು ಶಾಯಿಪ್ಯಾಡ್ ತೆಗೆದು ನನ್ನದೇ ಹೆಬ್ಬೆಟ್ಟನ್ನು ಇಪ್ಪತ್ತು ಸಲ ಒತ್ತಿದೆ. ರೇಖೆಗಳು ಅವೇ. ಆದರೆ ಒಂದು ಓರೆ, ಒಂದು ಅರ್ಧ, ಒಂದಕ್ಕೆ ಶಾಯಿ ಹೆಚ್ಚು. ಯಾವ ಎರಡೂ ಒಂದರ ಮೇಲೊಂದು ಸರಿಯಾಗಿ ಕೂರಲಿಲ್ಲ. ಅಲ್ಲಿ ನನಗೆ ದಾರಿ ಕಂಡಿತು.

ವೇತನದ ಮೂಲ ಅರ್ಜಿಯನ್ನು ಕಚೇರಿಯಿಂದ ಕೋರ್ಟಿಗೆ ತರಿಸಲು ಕೋರಿದೆ. ವಿಚಾರಣೆಯ ದಿನ ನ್ಯಾಯಾಧೀಶರು ಆ ಅರ್ಜಿಯನ್ನೂ ಕರಾರಿನ ಝೆರಾಕ್ಸನ್ನೂ ಒಂದರ ಮೇಲೊಂದಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಬಲಗಡೆ ಚೆಲ್ಲಿದ ಶಾಯಿಯ ಬಾಲ, ನಡುವೆ ಬಿಟ್ಟುಹೋದ ಬಿಳಿ ಚುಕ್ಕೆ, ಎಲ್ಲವೂ ಒಂದರ ಮೇಲೊಂದು ಕೂತವು.

"ಹೊಂದಿತಲ್ಲ ಸ್ವಾಮಿ! ಆಕೆಯದೇ ಹೆಬ್ಬೆಟ್ಟು" ಎಂದರು ಎದುರು ವಕೀಲರು ಗೆಲುವಿನಿಂದ.

ನ್ಯಾಯಾಧೀಶರು ಹುಲಿಗೆಮ್ಮನನ್ನು ಕರೆದು ಹತ್ತು ಸಲ ಹೆಬ್ಬೆಟ್ಟು ಒತ್ತಿಸಿದರು. ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿದರು. ಹತ್ತರಲ್ಲಿ ಒಂದೂ ಇನ್ನೊಂದರಂತಿರಲಿಲ್ಲ.

"ಇಷ್ಟು ಚೆನ್ನಾಗಿ ಹೊಂದಿದ್ದೇ ತೊಂದರೆ, ವಕೀಲರೇ" ಎಂದರು.

ಕರಾರಿನ ಮೇಲಿನ ಗುರುತು ವೇತನದ ಅರ್ಜಿಯ ಗುರುತಿನದೇ ನಕಲೆಂದು ಬೆರಳಚ್ಚು ತಜ್ಞರ ವರದಿಯೂ ಹೇಳಿತು. ದಾವೆ ವಜಾ ಆಯಿತು, ಹೊಲ ಉಳಿಯಿತು.

ತೀರ್ಪಿನ ದೃಢೀಕೃತ ನಕಲನ್ನು ಹುಲಿಗೆಮ್ಮನ ಕೈಗೆ ಕೊಟ್ಟಾಗ ಅವಳು ಅದನ್ನು ತಿರುವಿ ಮುರುವಿ ನೋಡಿದಳು. "ಇದೂ ನಕಲಾ ಏನ್ರಿ?"

"ಹೌದಮ್ಮ. ಮೂಲ ಕೋರ್ಟಿನ್ಯಾಗ ಇರ್ತೈತಿ."

"ಮತ್ತ ಇದು ಖರೇ ಅಂತ ಯಾರು ಹೇಳ್ತಾರ್ರಿ?"

ಕೊನೆಯ ಪುಟದಲ್ಲಿ ಮೂಲದೊಡನೆ ಓದಿ ತಾಳೆ ನೋಡಿದ ನೌಕರರ ಸಹಿ ತೋರಿಸಿದೆ. ಅವಳು ಆ ಸಹಿಯ ಮೇಲೆ ಬೆರಳಾಡಿಸಿದಳು. "ಹಂಗಾದ್ರ ಸೈ. ಕೇಳಾಕ ಒಬ್ಬ ಮನಷ್ಯಾ ಅದಾನ" ಎಂದು ಮಡಚಿ ಸೆರಗಿಗೆ ಕಟ್ಟಿಕೊಂಡಳು.

ಆಮೇಲೆ ನಮ್ಮ ಕೋರ್ಟಿಗೆ ಫ್ಯಾಕ್ಸ್ ಬಂತು, ಕಂಪ್ಯೂಟರ್ ಬಂತು. ಈಗ ಪರದೆಯ ಮೇಲೆಯೇ ದಾಖಲೆ ಓದುತ್ತೇವೆ. ಯಾವುದನ್ನೂ ನಾನು ಬೇಡವೆಂದಿಲ್ಲ. ಆದರೆ ಎಷ್ಟೇ ಸ್ಪಷ್ಟವಾದ ಕಾಗದ ಬಂದರೂ, ಇದಕ್ಕೆ ಉತ್ತರ ಹೇಳುವ ಮನುಷ್ಯ ಯಾರೆಂದು ಮೊದಲು ಹುಡುಕುತ್ತೇನೆ.